ಕಾಕೂನ ಪಿತ್ತ

ಜಜ್ಜಿದ ಉಳ್ಳಾಗಡ್ಡಿಯ ವಾಸನೆ ಬಂದರೆ ಸಾಕು, ಯಾರು ಬಿದ್ದರೋ ಎಂದು ನನ್ನ ಎದೆ ಧಸಕ್ಕೆನ್ನುತ್ತದೆ. ಇವತ್ತು ಬೆಳಿಗ್ಗೆ ಬಂದದ್ದು ಬರೀ ಚಟ್ನಿಯ ವಾಸನೆ. ಆದರೂ ಹಾಸಿಗೆಯಿಂದೆದ್ದು ಅಡುಗೆಮನೆಗೆ ಓಡಿದೆ. ನಗಬೇಡಿ, ನಮ್ಮ ದುಮ್ಮವಾಡದ ಮನೆಯಲ್ಲಿ ಬೆಳೆದಿದ್ದರೆ ನೀವೂ ಓಡುತ್ತಿದ್ದಿರಿ.

ಜ್ಞಾನ ತಪ್ಪಿ ಬೀಳುವುದಕ್ಕೆ ನಮ್ಮಲ್ಲಿ ಒಂದೇ ಕಾರಣ: ಪಿತ್ತ. ಬಿಸಿಲಲ್ಲಿ ಬಿದ್ದರೂ ಪಿತ್ತ, ನೆರಳಲ್ಲಿ ಬಿದ್ದರೂ ಪಿತ್ತ. ಔಷಧವೂ ಒಂದೇ, ಮೂಗಿಗೆ ಜಜ್ಜಿದ ಉಳ್ಳಾಗಡ್ಡಿ. ಬಿದ್ದವರು ಸ್ವಲ್ಪ ಹೊತ್ತಿಗೆ ತಾವಾಗಿಯೇ ಏಳುತ್ತಾರೆ, ಕೀರ್ತಿ ಉಳ್ಳಾಗಡ್ಡಿಗೆ ಸಲ್ಲುತ್ತದೆ.

ಹೋದ ವರ್ಷ ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಮೂರನೆಯ ಸಲ ಬಿದ್ದಳು. ಕುಳಿತು ರೊಟ್ಟಿ ಬಡಿಯುತ್ತಿದ್ದವಳು ಹಾಗೆಯೇ ಒರಗಿದಳು. "ಪಿತ್ತ ನೆತ್ತಿಗೇರೇತಿ" ಎಂದರು ಕಾಕಾ. ಅವರಿಗಂತೂ ದಿನಾ ಏರುತ್ತದೆ, ಒಮ್ಮೆಯೂ ಬಿದ್ದವರಲ್ಲ. ಬಾಜು ಮನೆಯ ಗೌರಕ್ಕ, "ಸೋಮವಾರದ ಉಪವಾಸ ಮಾಡತಾಳಲ್ರಿ, ಅದಕ್ಕ" ಎಂದಳು, ಅವತ್ತು ಗುರುವಾರ. ಓದಿದವನಾದ ನಾನು ಗಂಭೀರವಾಗಿ "ಗ್ಯಾಸ್" ಎಂದೆ.

ಕಾಕೂನ ಕೈ ಹಂಚಿಗೆ ತಾಗಿ ಸುಟ್ಟಿತ್ತು. ಹುಬ್ಬಳ್ಳಿಗೆ ಹೋದದ್ದು ಆ ಗಾಯಕ್ಕಾಗಿ. ಪಿತ್ತಕ್ಕೆ ಯಾರಾದರೂ ದವಾಖಾನೆಗೆ ಹೋಗುತ್ತಾರೆಯೇ?

ಡಾಕ್ಟರಮ್ಮ ಗಾಯ ಬಿಟ್ಟು ಬಿದ್ದದ್ದನ್ನೇ ಹಿಡಿದರು. "ಬಿದ್ದಾಗ ಮಾರಿ ಹೆಂಗಿತ್ರಿ? ನೋಡಿದವರು ಯಾರು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವೆಲ್ಲ ಉಳ್ಳಾಗಡ್ಡಿ ಹುಡುಕುತ್ತಿದ್ದೆವಲ್ಲ! "ಪಿತ್ತರೀ..." ಎಂದು ಕಾಕಾ ಶುರು ಮಾಡಿದರು. ಡಾಕ್ಟರು ಅವರನ್ನು ತಡೆದು ಕಾಕೂನ ಕಡೆ ತಿರುಗಿದರು.

"ನೀವ ಹೇಳ್ರಿ. ತಲಿ ತಿರಗಿತ್ತೇನು?"

"ಇಲ್ರಿ. ಎದಿ ನಿಂತಂಗಾತು, ಕರೆಂಟ್ ಹೋದಂಗ ಎಲ್ಲಾ ಕತ್ತಲಾತು. ಕಣ್ಣ ತೆರದ್ರ ಮೂಗಿನ್ಯಾಗ ಉಳ್ಳಾಗಡ್ಡಿ!"

ತಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಾಗುವುದು ಬೇರೆ, ಕುಳಿತಲ್ಲೇ ಬೀಳುವುದು ಬೇರೆ ಎಂದು ಡಾಕ್ಟರಮ್ಮ ಅವತ್ತೇ ದಾಖಲು ಮಾಡಿಕೊಂಡರು. ಬಡಿಯುತ್ತಿದ್ದ ಎದೆ ನಡುನಡುವೆ ನಿಜವಾಗಿಯೂ ನಿಲ್ಲುತ್ತಿತ್ತು. ಇನ್ನೊಮ್ಮೆ ನಿಂತಿದ್ದರೆ ಮತ್ತೆ ಬಡಿಯುತ್ತಿತ್ತೋ ಇಲ್ಲವೋ ಎಂದರು. ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದ ಕಾಕೂನನ್ನು ಗೌರಕ್ಕ ಮೊದಲು ಕೇಳಿದ್ದು, "ಆ ಮಶಿನ್ ಪಿತ್ತಕ್ಕೂ ನಡೀತೈತೇನ್ರಿ?"

ಇವತ್ತು ಹಾಗೆ ತಟ್ಟನೆ ಎದ್ದು ಓಡಿದ್ದಕ್ಕೆ ನನಗೇ ಕಣ್ಣು ಕತ್ತಲಾಗಿ ಬಾಗಿಲು ಹಿಡಿದುಕೊಂಡೆ.

"ಏನಾತೋ?" ಎಂದಳು ಚಟ್ನಿ ಕುಟ್ಟುತ್ತಿದ್ದ ಕಾಕು.

"ಏನಿಲ್ಲ ಕಾಕು, ಪಿತ್ತ."

ಅವಳು ಕೈ ಒರೆಸಿಕೊಂಡು ಎದ್ದು ಬಂದಳು. "ಕುಂದ್ರು ಮೊದಲ. ಮೂರು ಸಲ ಬಿದ್ದಾಕಿ ನಾನು. ಮೂರು ಸಲಾನೂ ಎಲ್ಲಾರೂ ಪಿತ್ತಾನ ನೋಡಿದ್ರು, ನನ್ನ ಮಾರಿ ಒಬ್ರೂ ನೋಡಲಿಲ್ಲ."

ಕುಳಿತೆ. ಗದ್ದ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಈಗ ಹೇಳು. ನಿಂತಾಗ ಆತೋ, ಕುಂತಾಗೋ?"