ಅಮಾವಾಸ್ಯೆಯ ಬ್ರೇಕು

ಕಾರು ನಡೆಸುವುದು ನನಗೆ ಬೇಗ ಬಂತು. ನಿಲ್ಲಿಸುವುದು ಮಾತ್ರ ಬಹಳ ದಿನ ಕಾರಿನ ಮರ್ಜಿಗೇ ಬಿಟ್ಟ ವಿಷಯವಾಗಿತ್ತು. ನಿಜಾಮರ ಆಡಳಿತ ಹೋಗಿ ಜಹಗೀರುಗಳು ರದ್ದಾದ ಕಾಲದಲ್ಲಿ ಜಹಗೀರುದಾರರೊಬ್ಬರು ಮಾರಿದ ಹಳೆಯ ಕಾರು ಅದು. ನಾನು ಶಹಾಪುರದ ವಕೀಲ. ಉರ್ದುವಿನಲ್ಲಿ ಕಲಿತ ಕಾಯಿದೆಯನ್ನು ಮತ್ತೆ ಹೊಸದಾಗಿ ಕಲಿಯುತ್ತಿದ್ದೆ. ಹೊಸ ಕಾಲಕ್ಕೆ ಹೊಸ ಠೀವಿ ಇರಲೆಂದು ಎತ್ತು, ಗಾಡಿ ಎರಡನ್ನೂ ಮಾರಿ, ಸುರಪುರದ ಕೋರ್ಟಿಗೆ ಕಾರಿನಲ್ಲೇ ಹೋಗತೊಡಗಿದೆ.

ಬ್ರೇಕು ತಿಂಗಳಲ್ಲಿ ಇಪ್ಪತ್ತು ದಿನ ಚೆನ್ನಾಗಿ ಹಿಡಿಯುತ್ತಿತ್ತು. ಆಮೇಲೆ ಹತ್ತು ದಿನ ಎಷ್ಟು ಒತ್ತಿದರೂ ಕಾರು ತನಗೆ ಸಂಬಂಧವಿಲ್ಲವೆಂಬಂತೆ ಮುಂದೆ ಹೋಗುತ್ತಿತ್ತು. ಒಮ್ಮೆ ಸುರಪುರದ ಇಳಿಜಾರಿನಲ್ಲಿ ಕುರಿಹಿಂಡು ಎದುರಾಗಿ, ಕಾರನ್ನು ಹೊಲಕ್ಕೆ ತಿರುಗಿಸಿ, ಒಡ್ಡಿಗೆ ಗುದ್ದಿ ನಿಲ್ಲಿಸಬೇಕಾಯಿತು. ಕುರಿಗಳೂ ನಾನೂ ಉಳಿದೆವು.

"ಅಮಾಸಿ ಆತಂದ್ರ ಹಿಂಗ ಆಗ್ತದ್ರಿ. ಇದರಾಗ ಏನೋ ಅದ. ಮಾರಿಬಿಡ್ರಿ," ಎಂದಳು ಹೆಂಡತಿ.

ದೆವ್ವದ ಮೇಲೆ ದಾವೆ ಹೂಡಲು ಹಳೆಯ ಕಾಯಿದೆಯಲ್ಲೂ ಹೊಸ ಕಾಯಿದೆಯಲ್ಲೂ ಅವಕಾಶವಿಲ್ಲ. ಕಾರಣ ಹುಡುಕದೆ ಬಿಡುವುದಿಲ್ಲವೆಂದೆ.

ಯಾದಗಿರಿಯ ಹುಸೇನ್ ಮಿಸ್ತ್ರಿ ಹಿಂದಿನ ಗಾಲಿ ಬಿಚ್ಚಿದ. ಬ್ರೇಕಿನ ಮೇಲೆಲ್ಲ ಎಣ್ಣೆ. "ಅಚ್ಚಿನ ಎಣ್ಣಿ ಸೋರಾಕತ್ತದ್ರಿ," ಎಂದು ಒರೆಸಿ ವಾಷರ್ ಬದಲಿಸಿದ. ಮುಂದಿನ ತಿಂಗಳು ಮತ್ತೆ ಬದಲಿಸಿದ. ಮೂರನೆಯ ಸಲ ನಾನು ಪಾಟೀಸವಾಲಿನ ಗತ್ತಿನಲ್ಲಿ ನಿಂತು ಮುಂದಿನ ಗಾಲಿಗಳನ್ನೂ ಬಿಚ್ಚಿಸಿದೆ. ಅಚ್ಚಿನ ಎಣ್ಣೆ ಹೋಗಲು ದಾರಿಯೇ ಇಲ್ಲದ ಅಲ್ಲೂ ಎಣ್ಣೆ! ಮಿಸ್ತ್ರಿ ಬೆರಳಿಗೆ ಹಚ್ಚಿಕೊಂಡು ಮೂಸಿದ.

"ವಕೀಲ ಸಾಬ್, ಇದು ಮೋಟಾರಿನ ಎಣ್ಣಿ ಅಲ್ರಿ. ಔಡಲೆಣ್ಣಿ!"

ಹರಳೆಣ್ಣೆ ತಾನಾಗಿ ಗಾಲಿಯೊಳಗೆ ಹೋಗುವುದಿಲ್ಲ. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅಂಗಳದ ಕಂಬದ ಮರೆಯಲ್ಲಿ ಕಾದು ನಿಂತೆ. ಭೀಮಣ್ಣ ಬಂದ. ಎತ್ತುಗಳಿದ್ದಾಗ ನಮ್ಮ ಗಾಡಿ ಹೊಡೆಯುತ್ತಿದ್ದ ಮುದುಕ. ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿದಿರಿನ ಗೊಟ್ಟದಿಂದ ನಾಲ್ಕೂ ಗಾಲಿಯ ಸಂದಿಗೆ ಪ್ರೀತಿಯಿಂದ ಔಡಲೆಣ್ಣೆ ಸುರಿಯತೊಡಗಿದ.

"ಏನ್ ಮಾಡಾಕತ್ತೀಪಾ ಭೀಮಣ್ಣ?"

"ಗಾಲಿ ಕಿರ್ ಅಂತ ಒದರ್ತಾವಲ್ರೀ ಧಣೇರ. ಗಾಡಿಗೂ ಅಮಾಸಿಗೊಮ್ಮಿ ಕೀಲೆಣ್ಣಿ ಹಾಕ್ತಿದ್ನೆಲ್ರಿ."

ಅವನದೇನು ತಪ್ಪು? ಗಾಡಿಯಲ್ಲಿ ಉರುಳುವುದಷ್ಟೇ ಗಾಲಿಯ ಕೆಲಸ, ನಿಲ್ಲುವುದು ಎತ್ತಿನ ಕೆಲಸ. ಕಾರಿನಲ್ಲಿ ಎರಡೂ ಗಾಲಿಯದೇ, ಒಣಗಿದ್ದರೆ ಮಾತ್ರ ಅದು ನಿಲ್ಲುತ್ತದೆ ಎಂದು ವಿವರಿಸಿದೆ. ಭೀಮಣ್ಣನ ಮುಖ ಸಣ್ಣದಾಯಿತು.

"ಅಂದ್ರ ಇಷ್ಟು ದಿನ ನಾನೇ ನಿಮ್ಮನ್ನ ಕೊಲ್ಲಾಕ ಹೊಂಟಿದ್ನೇನ್ರಿ? ಗಾಡಿ ಹೋತು, ಎತ್ತು ಹೋದ್ವು. ಇನ್ನ ಈ ಮನ್ಯಾಗ ನನ್ನ ಕೆಲ್ಸ ಏನದ್ರಿ?" ಎಂದವನೇ ಗೊಟ್ಟ ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದ.

ನನಗೆ ನಾಚಿಕೆಯಾಯಿತು. ಎತ್ತು ಮಾರುವಾಗ ಕೊಳ್ಳುವವರನ್ನೆಲ್ಲ ವಿಚಾರಿಸಿದ್ದೆ, ಇವನನ್ನು ಒಂದು ಮಾತು ಕೇಳಿರಲಿಲ್ಲ. ಓಡಿಹೋಗಿ ತೋಳು ಹಿಡಿದು, ಬೇಡವೆಂದರೂ ಬಿಡದೆ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆ. "ನಾ ಒಬ್ಬನ ಕಾರು ಹೊಡೀಲಾರೆ. ಜೋಡಿ ಬಾ," ಎಂದೆ.

ಅಂದಿನಿಂದ ಭೀಮಣ್ಣ ಪಕ್ಕದಲ್ಲೇ ಕೂರುತ್ತಾನೆ. ಕುರಿ, ಎಮ್ಮೆ, ಗುಂಡಿ ಎಲ್ಲವೂ ನನಗಿಂತ ಮೊದಲು ಅವನಿಗೇ ಕಾಣುತ್ತವೆ. ಕಂಡಕೂಡಲೇ ಎತ್ತು ನಿಲ್ಲಿಸುವ ಹಳೆಯ ರೂಢಿಯಂತೆ "ಹೋ… ಹೋ…" ಎನ್ನುತ್ತಾನೆ. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಎತ್ತಿನ ಕೆಲಸ ಈಗ ಯಾರು ಮಾಡುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತು. ಹೆಂಡತಿಗೆ ಮಾತ್ರ ಹೇಳಿಲ್ಲ.