ಕಣ್ಣಿಲ್ಲದ ಹಕ್ಕಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ಹಾಸಿಗೆಯ ಹೊದಿಕೆಗಳಿಗೆ ಚಿತ್ರ ಬರೆಯುವವರು. ಬಟ್ಟೆ ಕಾರ್ಖಾನೆಯ ಮಹಡಿಯ ಮೇಲೆ, ಬಣ್ಣದ ವಾಸನೆ ಬಡಿಯುವ ಉದ್ದನೆಯ ಕೋಣೆಯಲ್ಲಿ ಕೂತು ಹೂವು, ಬಳ್ಳಿ, ಹಕ್ಕಿ ಬರೆಯುವುದು ಅವರ ಕೆಲಸ. ಮೊದಲು ಬರೆದದ್ದು ಯಾವಾಗಲೂ ಕೆಟ್ಟದಾಗಿರುತ್ತಿತ್ತು. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಅವರೇ ಒಪ್ಪಿಕೊಂಡದ್ದು. ಸೊಟ್ಟ ಬಳ್ಳಿ, ಕತ್ತು ಉಳುಕಿದ ಹಕ್ಕಿ. ಆ ಸೊಟ್ಟವನ್ನೇ ವಾರಗಟ್ಟಲೆ ಗೀಚಿ, ಅಳಿಸಿ, ಮನೆಯಲ್ಲೂ ಮುಖ ಗಂಟು ಹಾಕಿಕೊಂಡು ಅಕ್ಕನ ಹೊಟ್ಟೆ ಉರಿಸಿ, ಕೊನೆಗೆ ಎಂಥ ಚೆಂದದ್ದೋ ಒಂದು ತರುತ್ತಿದ್ದರು. ಅದು ಅಚ್ಚಾದ ಹೊದಿಕೆಯ ಮೇಲೆ ಮಲಗಿ ಮುದುಡಿಸಲು ಮನಸ್ಸು ಬರುತ್ತಿರಲಿಲ್ಲ.

ಆಮೇಲೆ ಕಾರ್ಖಾನೆಯವರು ಕಾಗದ ತೆಗೆದು ಎಲ್ಲರ ಮೇಜಿಗೂ ಕಂಪ್ಯೂಟರ್ ತಂದಿಟ್ಟರು. ಚಿತ್ರ ಒಂದೇ, ಬರೆಯುವವರು ಆರು ಜನ. ಒಬ್ಬರು ಗೆರೆ ಎಳೆದರೆ ಅದೇ ಕ್ಷಣ ಎಲ್ಲರ ಪರದೆಯಲ್ಲೂ ಕಾಣುತ್ತದೆ, ಯಾರು ಬೇಕಾದರೂ ತಿದ್ದಬಹುದು. ಯಾರ ಕೈ ಎಲ್ಲಿದೆ ಎಂದು ತೋರಿಸಲು ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ. ಭಾವನ ಹಸಿರು ಬಾಣ ಸೊಟ್ಟ ಬಳ್ಳಿ ಎಳೆಯುವುದೇ ತಡ, ಕೆಂಪು ಬಾಣ ಬಂದು ಅದನ್ನು ನೇರ ಮಾಡುತ್ತದೆ, ನೀಲಿ ಬಾಣ ಎಲೆ ಜೋಡಿಸುತ್ತದೆ. ಎಲ್ಲರೂ ಒಳ್ಳೆಯವರೇ, ಸಹಾಯ ಮಾಡುತ್ತಿದ್ದೇವೆ ಎಂದೇ ನಂಬಿದವರು. ಹಾಗಾಗಿ ಜಗಳವಾಡುವಂತೆಯೂ ಇಲ್ಲ. ನಾನು ದರ್ಜಿ. ನಾನು ಬಟ್ಟೆ ಕತ್ತರಿಸುವಾಗ ಯಾರಾದರೂ ಹೀಗೆ ಕೈ ಹಾಕಿದ್ದರೆ ಕತ್ತರಿ ಅವರ ಕಡೆ ತಿರುಗುತ್ತಿತ್ತು.

ಕೆಲಸವೇನೋ ಚುರುಕಾಯಿತು. ತಿಂಗಳು ಹಿಡಿಯುತ್ತಿದ್ದದ್ದು ವಾರದಲ್ಲಿ ಮುಗಿಯತೊಡಗಿತು, ಮೇಲಿನವರು ಬೆನ್ನು ತಟ್ಟಿದರು, ಭಾವ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ನಗುನಗುತ್ತಾ ಊಟ ಮಾಡಿದರು. ಅಕ್ಕನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಕಸಿವಿಸಿ. ಸೊಟ್ಟ ಬರೆಯುವುದನ್ನೇ ಅವರು ಬಿಟ್ಟುಬಿಟ್ಟಿದ್ದರು. ಯಾರೂ ತಿದ್ದಲಾರದಂಥ ನಯವಾದ ಹೂವು, ಅದೂ ಅರ್ಧ. ಉಳಿದದ್ದನ್ನು ಯಾರಾದರೂ ಮುಗಿಸುತ್ತಾರಲ್ಲ. ಒಮ್ಮೆ ಅಂಗಡಿಯಲ್ಲಿ ಅವರ ಕಾರ್ಖಾನೆಯ ಹೊದಿಕೆಗಳನ್ನು ತೋರಿಸಿ, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದೆ. ಒಂದೊಂದನ್ನೇ ಬಿಡಿಸಿ ನೋಡಿ, ಗೊತ್ತಾಗುತ್ತಿಲ್ಲ ಎಂದರು.

ಹೋದ ತಿಂಗಳು ಹಕ್ಕಿಯ ಹೊದಿಕೆ ಅಚ್ಚಾಗಿ ಬಂತು. ಹಾಸಿಗೆಯ ತುಂಬ ಹಕ್ಕಿಗಳು, ಒಂದಕ್ಕೂ ಕಣ್ಣಿಲ್ಲ. ಮೇಲ್ವಿಚಾರಕಿ ಆರೂ ಜನರನ್ನು ಕರೆದು ಕೂರಿಸಿ ವಿಚಾರಿಸಿದಳು. ಕಣ್ಣಿಲ್ಲದ್ದು ನಮಗೂ ಕಂಡಿತ್ತು, ಇನ್ನೊಬ್ಬರು ಇಡುತ್ತಾರೆ ಅಂದುಕೊಂಡೆವು ಎಂದು ಐದು ಜನರೂ ಹೇಳಿದರು. ಭಾವ ಎದ್ದು ನಿಂತರು. ಹಕ್ಕಿ ಬರೆದದ್ದು ತಾನು, ಕಣ್ಣು ಮರೆತದ್ದೂ ತಾನು, ಏನು ಶಿಕ್ಷೆ ಕೊಟ್ಟರೂ ಸರಿ ಎಂದರು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತಂತೆ.

ಯಾರು ಯಾವ ಗೆರೆ ಎಳೆದರೆಂಬುದನ್ನು ಕಂಪ್ಯೂಟರ್ ನೆನಪಿಟ್ಟಿರುತ್ತದೆ. ಆಕೆ ಅದನ್ನು ತೆರೆದು, ಒಬ್ಬೊಬ್ಬರ ಗೆರೆಯನ್ನೂ ಅವರವರ ಬಣ್ಣದಲ್ಲಿ ತೋರಿಸಿದಳು. ರೆಕ್ಕೆ ಒಬ್ಬರದು, ಕೊಕ್ಕು ಇನ್ನೊಬ್ಬರದು, ಕತ್ತು ಮೂವರು ತಿದ್ದಿದ್ದು. ಭಾವನ ಹಸಿರು ಗೆರೆ ಒಂದೂ ಉಳಿದಿರಲಿಲ್ಲ.

"ಇದು ನಿಮ್ದಲ್ಲ ಬಿಡಿ, ಸುಮ್ನೆ ತಲೆ ಕೆಡಿಸ್ಕೋಬೇಡಿ," ಎಂದಳಂತೆ, ಪಾಪ, ಬಹಳ ಪ್ರೀತಿಯಿಂದ.

ಅವತ್ತು ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಷ್ಟನ್ನೂ ಹೇಳಿದರು. ಕೆಲಸ ಉಳಿಯಿತಲ್ಲ, ಅಷ್ಟು ಸಾಕು ಎಂದಳು ಅಕ್ಕ.

"ಇಷ್ಟು ವರ್ಷ ಆಯ್ತು ಕಣೇ," ಎಂದರು ಭಾವ. "ಬೈಸ್ಕೊಳ್ಳೋಕಾದ್ರೂ ನಂದು ಅಂತ ಒಂದು ಇರುತ್ತೆ ಅಂದ್ಕೊಂಡಿದ್ದೆ."

ಮಾತಿಗೆ ಮಾತು ಕೊಡುವ ನನ್ನಕ್ಕ ಒಲೆ ಆರಿಸಿ ಬಂದು, ಭಾವನಿಗೆ ಕೂರಲು ಮಣೆ ಹಾಕಿದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಹೋಗಿ ಯಾರನ್ನಾದರೂ ಬೈದು ಬರೋಣವೆಂದರೆ, ಯಾರನ್ನೆಂದು ಬೈಯಲಿ?