ಡಬ್ಬಿ ತರದವಳ ಜಾಗದಿಂದ ಒಂದು ಶಾಟ್

2024ರಲ್ಲಿ ನನಗೆ ಅರವತ್ತೆರಡು. ಮೂವತ್ತು ವರ್ಷ ಸಿನಿಮಾ ಛಾಯಾಗ್ರಾಹಕನಾಗಿ ದುಡಿದು, ಬೆನ್ನುನೋವಿಗೆ ಸೋತು, ಆರ್.ಟಿ. ನಗರದ ಮನೆಯಲ್ಲಿ ಕೂತು ಹೊಸ ನಿರ್ದೇಶಕರಿಗೆ ಸ್ಟೋರಿಬೋರ್ಡ್ ಮಾಡಿಕೊಡುತ್ತಿದ್ದೆ. ಸ್ಟೋರಿಬೋರ್ಡ್ ಎಂದರೆ ಪ್ರತಿ ಶಾಟ್ ಹೇಗಿರುತ್ತದೆಂದು ಶೂಟಿಂಗ್‌ಗೆ ಮುಂಚೆಯೇ ತೋರಿಸುವ ಚಿತ್ರಗಳ ಸಾಲು. ನನಗೆ ಚಿತ್ರ ಬರೆಯಲು ಬರುವುದಿಲ್ಲ, ಬರೆಯುತ್ತಿದ್ದದ್ದು ಎಐ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಅದಕ್ಕೆ ಅಂಟಿಕೊಂಡಿದ್ದೆ.

ಬಾಗಲಗುಂಟೆಯ ಸುಮಾ ಬಂದದ್ದು ಆಗಲೇ. ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ಅವಳ ಮೊದಲ ಸಿನಿಮಾ. ನಾಲ್ವರು ನಿರ್ಮಾಪಕರು ಬೇಡವೆಂದಿದ್ದರು. ಐದನೆಯವರು, "ಮಧ್ಯಾಹ್ನದ ಊಟದ ಸೀನ್ ಒಂದನ್ನ ಚಿತ್ರ ಬರೆಸಿ ತೋರ್ಸಮ್ಮ, ಶುಕ್ರವಾರ ಹೇಳ್ತೀನಿ" ಎಂದಿದ್ದರು. ಇದೂ ಕೈತಪ್ಪಿದರೆ ಸಿನಿಮಾದ ಆಸೆಯನ್ನೇ ಬಿಡುತ್ತೇನೆಂದು ಸುಮಾ ಹೇಳಿದಳು.

ಮೊದಲ ದಿನ ಬರೀ ಫಜೀತಿ. ಕ್ಲೋಸ್‌ಅಪ್ ಕೇಳಿದರೆ ಒಬ್ಬಳ ಮುಖ, ವೈಡ್ ಶಾಟ್ ಕೇಳಿದರೆ ಬೇರೆ ಯಾರದೋ. ಕೊನೆಗೆ ದಾರಿ ಸಿಕ್ಕಿತು. ಒಂದು ಚಿತ್ರವನ್ನು ಪಕ್ಕಾ ಮಾಡಿಕೊಂಡು, ಅದನ್ನೇ ಎಐಗೆ ವಾಪಸು ಕೊಟ್ಟು, ಜನ, ಬಟ್ಟೆ, ಬೆಳಕು ಹಾಗೇ ಇರಲಿ, ಕ್ಯಾಮೆರಾ ಮಾತ್ರ ಸರಿಸು ಎಂದು ಬರೆದೆ. ಮೇಲಿನಿಂದ, ಕೆಳಗಿನಿಂದ, ಭುಜದ ಹಿಂದಿನಿಂದ, ಹೀಗೆ ಎರಡು ದಿನಕ್ಕೆ ಇಪ್ಪತ್ತನಾಲ್ಕು ಶಾಟ್. ಕ್ರೇನ್ ಇಲ್ಲ, ಟ್ರಾಲಿ ಇಲ್ಲ, ನನ್ನಿಂದ ಬೈಸಿಕೊಳ್ಳಲು ಅಸಿಸ್ಟೆಂಟೂ ಇಲ್ಲ! ಬೀಗಿಹೋದೆ.

ಗುರುವಾರ ಬೆಳಗ್ಗೆ ಸುಮಾ ತನ್ನ ತಾಯಿ ಗಂಗವ್ವನನ್ನು ಕರೆತಂದಳು. ಗದಗಿನ ಕಡೆಯವರು, ಹದಿನೆಂಟು ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿದವರು. ಎಲ್ಲ ಚಿತ್ರಗಳನ್ನೂ ನಿಧಾನವಾಗಿ ನೋಡಿದರು.

"ಚಂದ ಅದಾವ್ರೀ ಸರ. ಆದ್ರ ಎಲ್ಲಾರ ಮುಂದೂ ಡಬ್ಬಿ ಅದಾವಲ್ಲ? ಡಬ್ಬಿ ತರಲಾರದಾಕಿ ಎಲ್ಲಿ ಕುಂತಾಳ?"

"ಹಾಗಂದರೆ?" ಎಂದೆ. ಅವರೇ ಬಿಡಿಸಿ ಹೇಳಿದರು. ದಿನವೂ ಯಾರಾದರೂ ಒಬ್ಬಳು ಊಟ ತಂದಿರುವುದಿಲ್ಲ. ಯಾಕೆಂದು ಯಾರೂ ಕೇಳುವುದಿಲ್ಲ. ದುಂಡಗೆ ಕೂತವರು ಸರಿದು ಜಾಗ ಮಾಡುತ್ತಾರೆ. ಒಂದು ಡಬ್ಬಿಯ ಮುಚ್ಚಳವನ್ನು ಅವಳ ಮುಂದಿಟ್ಟು ಒಬ್ಬೊಬ್ಬರೂ ಒಂದೊಂದು ತುತ್ತು ಹಾಕುತ್ತಾರೆ. ಹಾಕುವಾಗ ಅವಳ ಮುಖ ನೋಡುವುದಿಲ್ಲ, ನೋಡಿದರೆ ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ನನಗೆ ನಾಚಿಕೆಯಾಯಿತು. ಚೆನ್ನಾಗಿ ಕಾಣುವ ಕಡೆಯೆಲ್ಲ ಕ್ಯಾಮೆರಾ ಇಟ್ಟಿದ್ದೆ, ನೋಡುತ್ತಿರುವುದು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಕ್ಯಾಮೆರಾವನ್ನು ಆ ಹೆಂಗಸಿನ ಜಾಗಕ್ಕೆ, ನೆಲದ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಇಳಿಸಿದೆ. ಎಐ ಸುಲಭಕ್ಕೆ ಬಗ್ಗಲಿಲ್ಲ. ಎಲ್ಲರನ್ನೂ ಕ್ಯಾಮೆರಾದತ್ತ ತಿರುಗಿಸಿ ನಗಿಸುತ್ತಲೇ ಇತ್ತು. ಒಂಬತ್ತನೇ ಸಲಕ್ಕೆ ಬಂತು: ಎದುರಿಗೆ ಮುಚ್ಚಳ, ಅದರತ್ತ ಚಾಚಿದ ಐದು ಕೈ, ಮುಖಗಳೆಲ್ಲ ಬೇರೆ ಕಡೆ.

ಸುಮಾ ಕುಣಿದಾಡಿಬಿಟ್ಟಳು. "ಅವ್ವ, ಇದೇ ಕಣೇ! ಇಷ್ಟು ಕರೆಕ್ಟಾಗಿ ನಿಂಗೆ ಹೆಂಗೆ ಗೊತ್ತು?"

ಗಂಗವ್ವ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ನಾ ಅಲ್ಲೇ ಕುಂತಿದ್ದೆ. ಮನ್ಯಾಗ ಒಂದ ಡಬ್ಬಿಗೆ ಆಗೋವಷ್ಟ ಇರ್ತಿತ್ತು. ಅದು ನಿನ್ನ ಸಾಲಿ ಚೀಲದಾಗ ಹೋಗ್ತಿತ್ತು."

ಸುಮಾ ಕುಣಿಯುವುದು ನಿಲ್ಲಿಸಿ ಅವ್ವನ ಪಕ್ಕ ಬಂದು ಕೂತಳು.

ಶುಕ್ರವಾರ ಸುಮಾ ಮೊದಲಿನ ಇಪ್ಪತ್ತನಾಲ್ಕು ಚಿತ್ರಗಳನ್ನೂ ನನ್ನಲ್ಲೇ ಬಿಟ್ಟು ಅದೊಂದು ಚಿತ್ರವನ್ನೇ ಒಯ್ದಳು. ನಿರ್ಮಾಪಕರು ಒಪ್ಪಿದರು. ಈಗ ಯಾರೇ ಕಥೆ ತಂದರೂ ನಾನು ತಕ್ಷಣ ಕಂಪ್ಯೂಟರ್ ಆನ್ ಮಾಡುವುದಿಲ್ಲ. ಆ ಕಥೆ ನಡೆಯುವಂಥ ಜಾಗದಲ್ಲಿ ಬದುಕಿದವರು ಒಬ್ಬರಾದರೂ ಇದ್ದರೆ ಮೊದಲು ಅವರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ.